ನೀರಾಗಿನ ಮಂದಿ

ನಮ್ಮಣ್ಣ ಮೀನನ್ನು ಮುಟ್ಟುವ ಮೊದಲು ಕೈ ತೋಯಿಸಿಕೊಳ್ಳುತ್ತಿದ್ದ. ಎರಡೂ ಅಂಗೈಗಳನ್ನು ಹೊಂಡದ ನೀರಿನಲ್ಲಿ ಅದ್ದಿ, ಬೆರಳ ಸಂದಿಯವರೆಗೂ ನೀರು ಹೋಯಿತೇ ಎಂದು ನೋಡಿ, ಆಮೇಲೆ ಗಾಳಕ್ಕೆ ಸಿಕ್ಕ ಮೀನನ್ನು ಹಿಡಿಯುತ್ತಿದ್ದ. ಒಣಗೈಯಿಂದ ಹಿಡಿದರೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಲೋಳೆ ಹೋದಲ್ಲಿ ಹುಣ್ಣಾಗುತ್ತದೆ ಎನ್ನುತ್ತಿದ್ದ. ಗಾಳದ ಕೊಕ್ಕೆಗೆ ಒಳಮುಖವಾಗಿ ಇರುವ ಸಣ್ಣ ಮುಳ್ಳನ್ನು ಅರದಿಂದ ತಿಕ್ಕಿ ತೆಗೆದಿದ್ದ. ಸಿಕ್ಕದ್ದನ್ನು ಅಂಗೈ ಮೇಲೆ ಇಟ್ಟುಕೊಂಡು, ಸಂತೆಯಲ್ಲಿ ಬದನೆಕಾಯಿ ತೂಗಿ ನೋಡುವವರ ಹಾಗೆ ಒಂದು ಸಲ ಮೇಲೆ ಕೆಳಗೆ ಮಾಡಿ, "ಇನ್ನ ತುಂಬಿಲ್ಲ" ಎಂದು ನೀರಿಗೆ ಬಿಟ್ಟುಬಿಡುತ್ತಿದ್ದ. ಅವನ ಮೀನುಬೇಟೆ ಅಂದರೆ ಇಷ್ಟೇ.

ಈ ರೂಢಿ ಎಷ್ಟು ಮೈಗೆ ಹತ್ತಿತ್ತೆಂದರೆ, ಯಾರಾದರೂ ಹಸುಗೂಸನ್ನು ಎತ್ತಿಕೊಳ್ಳಲು ಕೊಟ್ಟರೂ ಮೊದಲು ಬಚ್ಚಲಿಗೆ ಹೋಗಿ ಕೈ ತೋಯಿಸಿಕೊಂಡು ಬರುತ್ತಿದ್ದ. ತಣ್ಣನೆಯ ಕೈ ತಾಗಿ ಕೂಸು ಚೀರುತ್ತಿತ್ತು. ಇವನು ಗಾಬರಿಯಾಗಿ ತಿರುಗಿ ಕೊಡುತ್ತಿದ್ದ.

ಅಣ್ಣ ತೀರಿಕೊಂಡು ಐದು ತಿಂಗಳಾಯಿತು. ಬಂದವರೆಲ್ಲ ಅವನ ಒಳ್ಳೆಯತನ ಹೇಳಿ ಹೋಗುತ್ತಾರೆ. ನಾನೂ ಹೇಳಬಲ್ಲೆ. ಆದರೆ ಅದರ ಜೊತೆಗೆ ಇನ್ನೊಂದನ್ನು ಹೇಳದೆ ಇದ್ದರೆ ಅದು ಅರ್ಧ ಮಾತಾಗುತ್ತದೆ. ಅವನ ಹೊಂಡದ ವಿಷಯದಲ್ಲಿ ನಾನು ಅವನಿಗೆ ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಫಕೀರಪ್ಪ ಎಂಬುವನ ಹೆಸರು ಕೆಟ್ಟಿತು, ಕಸುಬು ಹೋಯಿತು. ಅಣ್ಣನೂ ಮೊದಲಿನ ಅಣ್ಣನಾಗಿ ಉಳಿಯಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು.

ನಮ್ಮದು ಲಿಂಗ ಕಟ್ಟಿದ ಮನೆ. ಹೊಲ ಬೆಳ್ಳಟ್ಟಿಯ ಹತ್ತಿರ. ಅವ್ವ ಇರುವವರೆಗೆ ನಮ್ಮಲ್ಲಿ ಮೀನು ಎಂಬ ಮಾತನ್ನೇ ಆಡುವಂತಿರಲಿಲ್ಲ. ಅತ್ತಿಗೆಯ ತವರು ಮುಂಡರಗಿಯ ಆಚೆ, ಹೊಳೆದಂಡೆಯ ಊರು. ಅಣ್ಣ ಮದುವೆಯಾದ ಹೊಸದರಲ್ಲಿ ಅಲ್ಲಿಗೆ ಹೋದಾಗ ಗಾಳ ಹಾಕಿ ಕೂತವರನ್ನು ನೋಡಿ ಮರುಳಾದ. ತಿನ್ನುವ ಆಸೆ ಅವನಿಗೆ ಎಂದೂ ಬರಲಿಲ್ಲ. ನೀರೊಳಗೆ ಒಂದು ಜೀವ ಕಾಣದಂತೆ ಇದ್ದು ದಾರ ಜಗ್ಗುತ್ತದಲ್ಲ, ಅದು ಅವನಿಗೆ ಸೋಜಿಗ. ಮನೆಗೆ ಬಂದು ಹೇಳದೆ ಇರಲಾರ, ಹೇಳಲು ಮಾತಿಲ್ಲ. ಅದಕ್ಕೆ ಅವನೇ ಒಂದು ಹೆಸರು ಮಾಡಿದ. "ಯವ್ವಾ, ಇವತ್ತ ನೀರಾಗಿನ ಮಂದಿನ್ನ ನೋಡಿ ಬಂದೆ" ಎನ್ನುತ್ತಿದ್ದ. ಅವ್ವ ಯಾರೋ ನಾವೆ ನಡೆಸುವ ಜನ ಎಂದು ತಿಳಿದಿದ್ದಳು.

"ಪಾಪ, ಊಟಕ್ಕ ಏನ ಮಾಡ್ತಾರಪಾ ಅವರು?" ಎಂದು ಒಂದು ಸಲ ಕೇಳಿದಳು.

"ಸಿಕ್ಕದ್ದು ತಿಂತಾರವ್ವ" ಎಂದ ಅಣ್ಣ, ಮುಖ ಗಂಭೀರ ಮಾಡಿಕೊಂಡು. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದಳು.

ಅವ್ವ ತೀರಿಕೊಂಡ ಎರಡನೆಯ ವರ್ಷ ಅಣ್ಣ ಹೊಂಡ ತೋಡಿಸಿದ. ಆಗ ನಾನು ಗಂಡನನ್ನು ಕಳೆದುಕೊಂಡು ಒಂದು ಟ್ರಂಕು ಹಿಡಿದು ತವರಿಗೆ ಬಂದಿದ್ದೆ. ಸಮಾಧಾನದ ಮಾತು ಅವನಿಗೆ ಬರುತ್ತಿರಲಿಲ್ಲ. ಬಂದ ಮರುದಿನ ಹೊಲಕ್ಕೆ ಕರೆದುಕೊಂಡು ಹೋಗಿ, ಅರ್ಧ ತೋಡಿದ ಗುಂಡಿ ತೋರಿಸಿ, "ಇನ್ನ ಮ್ಯಾಲೆ ಇದನ್ನ ನಾವಿಬ್ಬರೂ ನೋಡಿಕೊಳ್ಳೂದು" ಎಂದ. ನಾನಿರುವುದಕ್ಕೆ ಒಂದು ಕಾರಣ ಕೊಟ್ಟ. ಅದನ್ನು ನಾನು ಮರೆತಿಲ್ಲ. ಮರೆಯದೆ ಇದ್ದುದರಿಂದಲೇ ಮುಂದೆ ನಡೆದದ್ದು ನನ್ನನ್ನು ಹೆಚ್ಚು ಸುಡುತ್ತದೆ.

ಮೊದಲು ತೋಡಿದ್ದು ಮಸಾರಿಯ ಕೆಂಪು ಮಣ್ಣಿನ ಕಡೆ. ಮುಂಗಾರು ಮಳೆಗೆ ದಂಡೆ ಮಟ್ಟ ತುಂಬಿತು, ಎಂಟೇ ದಿನಕ್ಕೆ ಇಂಗಿ ತಳದಲ್ಲಿ ಕಪ್ಪೆಗಳು ಉಳಿದವು. ಊರವರು ಬಂದು ಬಂದು ನೋಡಿ ನಕ್ಕರು. ಆಗ ಬಂದವನು ಫಕೀರಪ್ಪ. ಅವನೂ ಹೊಳೆದಂಡೆಯವನೇ, ಅಂಬಿಗರವನು, ನಮ್ಮೂರಿಗೆ ಮನೆಅಳಿಯನಾಗಿ ಬಂದಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಯಾರ ಕೆರೆಗೆ ಬಲೆ ಬೀಳಬೇಕಾದರೂ ಅವನೇ ಬೇಕು. ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಮಣ್ಣು ಹಿಸುಕಿ, "ಅಣ್ಣಾರ, ಇದು ಹೊಂಡಲ್ರಿ, ಜರಡಿ" ಎಂದ. ಅಣ್ಣನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಅಂದಿನಿಂದ ಇಬ್ಬರೂ ಜೋಡಿ.

ಕೆಳಗಿನ ಹೊಲದ ಯರಿ, ಅಂದರೆ ಅಂಟು ಕಪ್ಪು ಮಣ್ಣು ತಂದು ತಳಕ್ಕೂ ದಂಡೆಗೂ ಒಂದೂವರೆ ಗೇಣು ಹಾಸಬೇಕು, ಹಾಸಿದ್ದನ್ನು ಹದವಾಗಿ ತೋಯಿಸಿ ತುಳಿಸಬೇಕು ಎಂದು ಫಕೀರಪ್ಪ ಹೇಳಿಕೊಟ್ಟ. ತುಳಿಸುವುದಕ್ಕೆ ಅಣ್ಣ ಕಂಡುಕೊಂಡ ದಾರಿ ಊರಿಗೇ ಕತೆಯಾಯಿತು. ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಆ ಕುರುಬರಿಗೆ ಮೂರು ದಿನ ರೊಟ್ಟಿ ಕೊಟ್ಟು, ಇಡೀ ಹಿಂಡನ್ನು ಹೊಂಡದೊಳಗೆ ಇಳಿಸಿ ಸುತ್ತು ಹೊಡೆಸಿದ. ಕುರಿಯ ಸಣ್ಣ ಗೊರಸು ಮಣ್ಣನ್ನು ಒತ್ತುವ ಹಾಗೆ ಯಾವ ಯಂತ್ರವೂ ಒತ್ತಲಾರದು ಎನ್ನುವುದು ಅವನ ನಂಬಿಕೆ. ತಾನೂ ಕುರಿಗಳ ನಡುವೆ ಮೊಳಕಾಲು ಮಟ್ಟ ಧೋತರ ಎತ್ತಿಕೊಂಡು ನಡೆದ. ಮೇಲೆ ನಿಂತು ಫಕೀರಪ್ಪ, "ಅಣ್ಣಾರ, ಹಿಂಡಿನಾಗ ನೀವು ಯಾವರು ಅಂತ ಗುರ್ತ ಹತ್ತವಲ್ದು, ಸ್ವಲ್ಪ ಕೆಮ್ಮರಿ" ಎಂದ. ಆ ವರ್ಷ ನೀರು ನಿಂತಿತು.

ಕಾಟ್ಲಾ, ರೋಹು ಮೀನಿನ ಮರಿಗಳನ್ನು ತಂದು ಬಿಟ್ಟ ಮೇಲೆ ಅಣ್ಣನ ದಿನಚರಿಯೇ ಬದಲಾಯಿತು. ನಸುಕಿನಲ್ಲಿ ಎದ್ದು ಮೊದಲು ನೀರಿನ ಮುಖ ನೋಡಬೇಕು. ಮೀನು ಮೇಲೆ ಬಂದು ಬಾಯಿ ತೆಗೆದು ಗಾಳಿ ಗುಟುಕರಿಸುತ್ತಿದ್ದರೆ ಅದು ಕೆಟ್ಟ ಗುರುತು, ನೀರಿನಲ್ಲಿ ಉಸಿರು ತೀರಿದೆ ಎಂದು ಅರ್ಥ. ಆಗ ಇಂಜಿನ್ನು ಹಚ್ಚಿ ನೀರನ್ನು ಮೇಲಿಂದ ಕಾರಂಜಿಯಂತೆ ಬೀಳಿಸಬೇಕು. ಮೊಳಕೈವರೆಗೆ ತೋಳು ಮುಳುಗಿಸಿ ಅಂಗೈ ಕಾಣದಿದ್ದರೆ ನೀರು ಬಹಳ ಹಸಿರಾಗಿದೆ, ಸೆಗಣಿ ಹಾಕುವುದು ನಿಲ್ಲಿಸಬೇಕು. ಶೇಂಗಾ ಹಿಂಡಿ, ಅಕ್ಕಿ ತೌಡು ಕೂಡಿಸಿ ತೂತಿನ ಚೀಲದಲ್ಲಿ ತುಂಬಿ ಗಳಕ್ಕೆ ಕಟ್ಟಿ ಇಳಿಬಿಡುತ್ತಿದ್ದ. ಮೋಡ ಮುಚ್ಚಿದ ದಿನ ಏನೂ ಇಲ್ಲ, ಉಪವಾಸ.

ಯಾಕೆ ಎಂದು ನಾನೊಮ್ಮೆ ಕೇಳಿದೆ. "ತಂಗೆವ್ವ, ಅವು ತಿಂದದ್ದು ಅವಕ್ಕ, ಬಿಟ್ಟದ್ದು ನೀರಿಗೆ. ಬಿಟ್ಟದ್ದು ಕೊಳಿಯಾಕೂ ಗಾಳಿ ಬೇಕು, ಅವಕ್ಕ ಬದಕಾಕೂ ಗಾಳಿ ಬೇಕು. ಬಿಸಲಿಲ್ಲದ ದಿನ ನೀರಾಗ ಗಾಳಿ ಒಂದ ಬಟ್ಟಲಷ್ಟ ಇರತೈತಿ. ಇಬ್ಬರು ಜಗಳಾಡತಾರ" ಎಂದ. ಇಷ್ಟು ಚೊಕ್ಕಾಗಿ ಯಾರಿಗಾದರೂ ತಿಳಿಯಬೇಕು. ನನಗೆ ತಿಳಿದಿತ್ತು. ತಿಳಿದಿರಲಿಲ್ಲ ಎಂದು ಹೇಳಿ ಪಾರಾಗಲಾರೆ.

ಸಂಜೆ ಅಣ್ಣ ಮತ್ತು ಫಕೀರಪ್ಪ ದಂಡೆಯ ಮೇಲೆ ನೀರಿಗೆ ಮುಖ ಮಾಡಿ ಕೂಡುತ್ತಿದ್ದರು. ದಾರಿಯಲ್ಲಿ ಹೋಗುವವರಿಗೆಂದು ಒಂದು ಮಣ್ಣಿನ ಗಡಿಗೆ, ಒಂದು ಲೋಟ ಇಟ್ಟಿರುತ್ತಿದ್ದ ಅಣ್ಣ. ಯಾರು ಬಂದರು, ಯಾರು ಕುಡಿದರು ಎಂದು ತಿರುಗಿಯೂ ನೋಡುತ್ತಿರಲಿಲ್ಲ. ಅವರಿಬ್ಬರ ನಡುವೆ ಮುಗಿಯದ ಒಂದು ಜಗಳ: ಬಲೆ ಯಾವಾಗ ಹಾಕಬೇಕು. ಫಕೀರಪ್ಪ ಈಗ ಅನ್ನುವನು, ಅಣ್ಣ ಇನ್ನ ತುಂಬಿಲ್ಲ ಅನ್ನುವನು. ಒಂದು ವರ್ಷ ದಸರೆಯ ಮುಂದೆ ಈ ಜಗಳ ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಗೂ ಹೋಯಿತು. ಹತ್ತು ಮಂದಿಯ ಎದುರಿಗೆ ಫಕೀರಪ್ಪ ಅಂದನಂತೆ, "ನೀವು ತಿನ್ನಂಗಿಲ್ಲ, ನನಗ ಹಿಡಿಯಾಕ ಬಿಡಂಗಿಲ್ಲ. ಹಿಂಗ ನೋಡಕೋಂತ ಕುಂಡ್ರಿ, ಒಂದಿನ ಎಲ್ಲಾ ತಾವ ತೇಲತಾವು." ಎಲ್ಲರೂ ನಕ್ಕರು. ಅಣ್ಣನೂ ನಕ್ಕ.

ದಸರೆ ಕಳೆದ ಮೇಲೆ ಅಣ್ಣನಿಗೆ ಹೊಟ್ಟೆಯ ಆಪರೇಶನ್ ಆಗಬೇಕಾಯಿತು. ಗದಗಿನ ಒಂದು ದವಾಖಾನೆಯಲ್ಲಿ ಸೇರಿಸಿದೆವು. ಅತ್ತಿಗೆ ಅವನ ಜೊತೆ ಅಲ್ಲಿ, ಮನೆ ಹೊಲ ಹೊಂಡ ನನ್ನ ಮೇಲೆ. ಹೊರಡುವ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡೇ ಹೇಳಿದ: ಮೋಡ ಇದ್ದರೆ ಏನೂ ಹಾಕಬೇಡ, ನಸುಕಿನಲ್ಲಿ ತಪ್ಪದೆ ಹೋಗಿ ನೋಡು, ಬಾಯಿ ತೆಗೆದಿದ್ದರೆ ಇಂಜಿನ್ನು ಹಚ್ಚು, ಹಚ್ಚಲು ಬರದಿದ್ದರೆ ಫಕೀರಪ್ಪನನ್ನು ಕರೆ. ನಾಲ್ಕೇ ಮಾತು.

ಆಪರೇಶನ್ನಿನ ಎರಡನೆಯ ದಿನವೇ ಶೀಗಿ ಹುಣ್ಣಿಮೆ ಬಂತು. ನಮ್ಮ ಕಡೆ ಅಂದು ಹೊಲಕ್ಕೆ ಬಸಿರ ಬಯಕೆಯ ದಿನ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ ಮಾಡಿ, ಮಾಡಿ ತಂದ ಅಡಿಗೆಯನ್ನು ಬೆಳೆಯ ನಡುವೆ ಚರಗ ಚೆಲ್ಲುತ್ತೇವೆ. ಆಮೇಲೆ ಬಂಧುಗಳೆಲ್ಲ ಹೊಲದಲ್ಲಿಯೇ ಕೂತು ಉಣ್ಣುತ್ತೇವೆ. ಅಣ್ಣ ಇಲ್ಲದಿದ್ದರೂ ಪದ್ಧತಿ ಬಿಡಬಾರದು ಎಂದು ನಾನು ಯಾವಾಗಿನಂತೆ ನಾಲ್ವತ್ತು ಐವತ್ತು ಮಂದಿಗಾಗುವಷ್ಟು ಮಾಡಿದೆ. ಕಡುಬು, ಹೋಳಿಗೆ, ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಎರಡು ಬುಟ್ಟಿ ಅನ್ನ, ಒಂದು ಕೊಡ ಮಜ್ಜಿಗೆ. ಬೆಳಗಿನಿಂದಲೇ ಮೋಡ ಕವಿದು ಸಣ್ಣಗೆ ಹನಿಯುತ್ತಿತ್ತು. ಯರಿ ದಾರಿ ಕೆಸರಾಗಿ ಬಂದವರು ಏಳೆಂಟು ಮಂದಿ. ಅವರೂ ಗಡಿಬಿಡಿಯಲ್ಲಿ ಉಂಡು ಹೊರಟರು.

ನಾನೊಬ್ಬಳೇ ಉಳಿದೆ, ಅಡಿಗೆ ಉಳಿಯಿತು. ಚರಗಕ್ಕೆಂದು ಹೊಲಕ್ಕೆ ಒಯ್ದದ್ದನ್ನು ತಿರುಗಿ ಮನೆಗೆ ತರಬಾರದು ಎನ್ನುವುದು ನಮ್ಮವ್ವನ ಕಟ್ಟು. ದಂಡೆಯ ಮೇಲೆ ಬುಟ್ಟಿ ಇಟ್ಟೆ. ಒಂದು ಹಿಡಿ ಹಾಕಿದೆ. ಮೀನು ಬಂದವು. ನೀರು ಕುದಿಯುವ ಹಾಗೆ ಬಂದವು, ಬೆನ್ನು ಬೆನ್ನಿಗೆ ತಿಕ್ಕಿಕೊಂಡು. ದವಾಖಾನೆಯಲ್ಲಿ ಬಾಯಿಗೆ ಹನಿ ನೀರಿಲ್ಲದೆ ಮಲಗಿದ ಅಣ್ಣ ಕಣ್ಣ ಮುಂದೆ ಬಂದ. ಇಷ್ಟು ಜೀವಕ್ಕೆ ಅನ್ನ ಹಾಕಿದರೆ ಆ ಪುಣ್ಯ ಅವನ ಹೊಟ್ಟೆಯನ್ನು ಕಾಯುತ್ತದೆ ಎನ್ನಿಸಿತು. ಮೇಲೆ ಮೋಡ ಇರುವುದು ಕಾಣುತ್ತಿತ್ತು. ಅವನು ಹೇಳಿದ ಮಾತೂ ನೆನಪಿತ್ತು. ಹಬ್ಬದ ದಿನ ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಬುಟ್ಟಿ ಮುಗಿಯಿತು. ಎರಡನೆಯದನ್ನು ಬೋರಲು ಹಾಕಿದೆ. ಕಡುಬು, ಹೋಳಿಗೆಗಳೂ ಹೋದವು. ಕೊನೆಗೆ ಮಜ್ಜಿಗೆಯ ಕೊಡವನ್ನೂ ಬಗ್ಗಿಸಿದೆ. ನೀರಿನಲ್ಲಿ ಬೆಳ್ಳಗೆ ಹರಡಿದ್ದನ್ನು ನೋಡಿ ಕೈ ಮುಗಿದೆ.

ಮರುದಿನ ಮೊದಲ ಬಸ್ಸಿಗೆ ಗದಗಿಗೆ ಹೋಗಿ ಅಣ್ಣನನ್ನು ನೋಡಿದೆ. ನಸುಕಿನಲ್ಲಿ ಹೊಂಡಕ್ಕೆ ಹೋಗಿರಲಿಲ್ಲ. ಸಂಜೆ ಬಂದಾಗ ಮೈ ನೋಯುತ್ತಿತ್ತು, ಆಗಲೂ ಹೋಗಲಿಲ್ಲ. ಮೋಡ ಹಾಗೆಯೇ ಇತ್ತು.

ಮೂರನೆಯ ಬೆಳಿಗ್ಗೆ ಪಕ್ಕದ ಹೊಲದವರು ಬಾಗಿಲು ಬಡಿದರು. ಓಡಿದೆ. ದಂಡೆಯ ಮೇಲೆ ಆಗಲೇ ಐದಾರು ಮಂದಿ. ನೀರಿನ ತುಂಬ ಬಿಳಿ ಹೊಟ್ಟೆಗಳು. ನಡುವೆ ಕುತ್ತಿಗೆ ಮಟ್ಟ ನೀರಿನಲ್ಲಿ ಫಕೀರಪ್ಪ. ಕೈಯಲ್ಲಿ ಬೇವಿನ ಟೊಂಗೆ ಹಿಡಿದು ನೀರನ್ನು ಬಡಿಯುತ್ತಿದ್ದ, ಹುಚ್ಚನ ಹಾಗೆ. ದಾರಿಯಲ್ಲಿ ಹೋಗುವಾಗ ಮೀನು ಬಾಯಿ ತೆಗೆದದ್ದು ಕಂಡು, ಇಂಜಿನ್ನಿನ ಕೋಣೆಗೆ ಬೀಗ ಇದ್ದುದರಿಂದ, ಇದ್ದ ಬಟ್ಟೆಯಲ್ಲೇ ಹಾರಿದ್ದ. ಬಡಿದರೆ ನೀರಿಗೆ ಗಾಳಿ ಸೇರುತ್ತದೆ. ಅದು ನನಗೆ ಗೊತ್ತು. ದಂಡೆಯ ಮೇಲೆ ನಿಂತವರಿಗೆ ಗೊತ್ತಿರಲಿಲ್ಲ. ಅವರು ಕಂಡದ್ದು ಇಷ್ಟು: ಸತ್ತ ಮೀನು, ಅವುಗಳ ನಡುವೆ ಫಕೀರಪ್ಪ. ಯಾರೋ ಚಹಾದ ಅಂಗಡಿಯ ಮಾತು ತೆಗೆದರು. ತೇಲತಾವು ಅಂದಿದ್ದನಲ್ಲ. ವಿಷ ಎಂಬ ಮಾತು ಯಾರ ಬಾಯಿಂದ ಮೊದಲು ಬಂತೋ, ನಾನು ಮನೆಗೆ ಫೋನು ತರಲು ಹೋಗಿ ಬರುವಷ್ಟರಲ್ಲಿ ಅದು ಎಲ್ಲರ ಬಾಯಲ್ಲಿತ್ತು.

ಗದಗಿಗೆ ಖಬರ ಕೊಟ್ಟೆವು. ಹೊಲಿಗೆ ಹಾಕಿದ ಹೊಟ್ಟೆಯನ್ನು ಕಟ್ಟಿಕೊಂಡು, ವೈದ್ಯರು ಬೇಡವೆಂದರೂ ಕೇಳದೆ ಅಣ್ಣ ಹೊರಟನೆಂದು ಅತ್ತಿಗೆ ತಿಳಿಸಿದಳು. ಬರಲು ಎರಡು ತಾಸಾದರೂ ಬೇಕು. ಜನ ಫಕೀರಪ್ಪನನ್ನು ಊರ ಕಡೆ ಕರೆದುಕೊಂಡು ಹೋದರು. ಆ ಎರಡು ತಾಸಿನಲ್ಲಿ ನಾನು ಮಾಡಿದ್ದನ್ನು ಅಣ್ಣ ಇರುವವರೆಗೆ ಯಾರಿಗೂ ಹೇಳಿರಲಿಲ್ಲ. ಮೂಡಲ ಮೂಲೆಯಲ್ಲಿ ಅನ್ನ ಉಬ್ಬಿ, ಹುಳಿ ನಾತ ಹೊಡೆಯುತ್ತ, ನೊರೆಗಟ್ಟಿ ನಿಂತಿತ್ತು. ಸೀರೆ ಎತ್ತಿ ಕಟ್ಟಿ ಇಳಿದೆ. ಬಕೀಟಿನಿಂದ ಬಾಚಿ ಬಾಚಿ ತೆಗೆದು ಬದುವಿನ ಆಚೆ ಗುಂಡಿ ತೋಡಿ ಮುಚ್ಚಿದೆ. ಕೆಲಸ ಚೊಕ್ಕವಾಗಿ ಮಾಡಿದೆ. ಒಂದು ಅಗುಳು ಬಿಡಲಿಲ್ಲ.

ಅಣ್ಣ ಬಂದ. ಟೆಂಪೋದಿಂದ ಇಳಿಯಲು ಇಬ್ಬರು ಹಿಡಿಯಬೇಕಾಯಿತು. ದಂಡೆಯ ತುದಿಗೆ ಬಂದು, ಬಗ್ಗಲು ಬಾರದೆ, ನನ್ನ ಹೆಗಲು ಹಿಡಿದು ಮೊಳಕಾಲೂರಿದ. ಎರಡೂ ಕೈಗಳನ್ನು ನೀರಿನಲ್ಲಿ ಅದ್ದಿದ. ಆಮೇಲೆ ಒಂದು ಸತ್ತ ಕಾಟ್ಲಾವನ್ನು ಎತ್ತಿದ. ಸತ್ತದ್ದಕ್ಕೂ ಕೈ ತೋಯಿಸಿಕೊಂಡ. ಕಿವಿರು ಬಿಡಿಸಿ ನೋಡಿ ನೀರನ್ನು ಮೂಸಿದ. ತಲೆ ಎತ್ತದೆ ಕೇಳಿದ:

"ತಂಗೆವ್ವ, ನೀ ಏನರ ಹಾಕಿದ್ದೇನು?"

"ಇಲ್ಲಣ್ಣ."

"ಒಂದ ಹಿಡಿ?"

"ಏನೂ ಇಲ್ಲಣ್ಣ."

ಅವನು ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಸಿಕ್ಕುಬೀಳುತ್ತಿದ್ದೆ. ನೋಡುವ ಅಗತ್ಯ ಅವನಿಗೆ ಕಾಣಲಿಲ್ಲ.

ಅಂದೇ ಸಂಜೆ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತರು. ನಾನು ಹೆಂಗಸರ ಕಡೆ ಕಂಬಕ್ಕೆ ಒರಗಿ ನಿಂತಿದ್ದೆ. ಫಕೀರಪ್ಪ ಒದ್ದೆ ಅಂಗಿಯಲ್ಲೇ ಇದ್ದ. ತಾನು ಯಾಕೆ ನೀರಿಗಿಳಿದೆ ಎಂದು ಎರಡು ಸಲ ಹೇಳಿದ. ಮೂರನೆಯ ಸಲ ಹೇಳಲಿಲ್ಲ. ಹೊಂಡದಲ್ಲಿ ಏನಾದರೂ ಕೊಳೆತಿತ್ತೇ ಎಂದು ಒಬ್ಬ ಹಿರಿಯರು ಕೇಳಿದರು. ಫಕೀರಪ್ಪ, ಮೂಡಲ ಮೂಲೆಯಲ್ಲಿ ಅನ್ನದ ವಾಸನೆ ಬಂದಿತ್ತು ಎಂದ. ಆಗ ಅಣ್ಣ ಗೋಡೆ ಹಿಡಿದು ಎದ್ದು ನಿಂತ. "ನಾ ಆ ಮೂಲಿ ನೋಡೇನಿ, ಏನಿಲ್ಲ. ನನ್ನ ತಂಗಿ ಏನೂ ಹಾಕಿಲ್ಲಂದಾಳ. ನನ್ನ ತಂಗಿ ಸುಳ್ಳ ಹೇಳಾಕಿ ಅಲ್ಲ" ಎಂದ.

ಅಷ್ಟೂ ಮಂದಿಯ ಕಣ್ಣು ನನ್ನ ಕಡೆ ತಿರುಗಿತು. ಫಕೀರಪ್ಪನೂ ನೋಡಿದ. ನಾನು ಸೆರಗು ಸರಿಮಾಡಿಕೊಂಡೆ.

ದೇವರ ಮುಂದೆ ಆಣೆ ಮಾಡು, ಬಿಟ್ಟುಬಿಡುತ್ತೇವೆ ಎಂದರು ಹಿರಿಯರು. ಫಕೀರಪ್ಪ ಅಣ್ಣನನ್ನೇ ನೋಡುತ್ತ, "ಅಣ್ಣಾರು ನಂಬಿದ್ರ ಆಣಿ ಬೇಕಾಗಿಲ್ಲ. ನಂಬಲಿಲ್ಲಂದ್ರ ಆಣಿ ಮಾಡಿ ಏನ ಮಾಡ್ಲಿ" ಎಂದ. ಅಣ್ಣ ಮುಖ ತಿರುಗಿಸಿದ. ಆಣೆ ಮಾಡಲೊಲ್ಲದವನು ಎಂಬುದೇ ತಪ್ಪಿನ ಗುರುತಾಯಿತು. ಹೊಂಡದ ಕಡೆ ಕಾಲಿಡಬಾರದು ಎಂದು ತೀರ್ಮಾನವಾಯಿತು. ಪೊಲೀಸರಿಗೆ ಕೊಡೋಣ ಎಂದ ಒಬ್ಬಿಬ್ಬರನ್ನು ಅಣ್ಣನೇ ಬೇಡವೆಂದು ತಡೆದ.

ತೀರ್ಮಾನ ನಮ್ಮ ಹೊಂಡಕ್ಕೆ ಮಾತ್ರ ಆಗಿತ್ತು. ಆದರೆ ನೀರಿಗೆ ವಿಷ ಹಾಕಿದವನು ಎಂಬ ಮಾತು ಅಂಟಿದ ಮೇಲೆ ಯಾರು ತಮ್ಮ ಕೆರೆಗೆ ಬಲೆಯವನೆಂದು ಕರೆಯುತ್ತಾರೆ? ಒಂದು ವರ್ಷದೊಳಗೆ ಅವನು ಲಕ್ಷ್ಮೇಶ್ವರದ ಮಾರುಕಟ್ಟೆಯಲ್ಲಿ ಚೀಲ ಹೊರಲು ಹೋಗತೊಡಗಿದ.

ಅಣ್ಣ ಹೊಂಡ ಬರಿದು ಮಾಡಿಸಿ, ತಳ ಬಿರಿಯುವವರೆಗೆ ಒಣಗಿಸಿ, ಸುಣ್ಣ ಎರಚಿ, ಮತ್ತೆ ನೀರು ತುಂಬಿಸಿ ಮರಿ ಬಿಟ್ಟ. ಎಲ್ಲ ಮೊದಲಿನಂತೆಯೇ ಮಾಡಿದ. ಆದರೆ ಸಂಜೆ ದಂಡೆಯ ಮೇಲೆ ಕೂಡುವಾಗ ನೀರಿಗೆ ಬೆನ್ನು ಮಾಡಿ, ದಾರಿಗೆ ಮುಖ ಮಾಡಿ ಕೂಡುತ್ತಿದ್ದ. ಸುತ್ತಲೂ ಜಾಲಿಮುಳ್ಳು ಹಚ್ಚಿಸಿದ. ಗಡಿಗೆ, ಲೋಟ ಒಳಗೆ ಹೋದವು. ಎಲೆ ಅಲುಗಿದರೆ "ಯಾರದು?" ಎನ್ನುವನು. ಒಮ್ಮೆ ನಾನೇ ರೊಟ್ಟಿ ತೆಗೆದುಕೊಂಡು ಹೋದಾಗ ಹಾಗೆ ಕೇಳಿದ, ಬಡಿಗೆ ಎತ್ತಿಕೊಂಡು. ಜನರನ್ನು ನಂಬುವುದೇ ಅವನ ಗುಣವಾಗಿತ್ತು. ನನ್ನೊಬ್ಬಳನ್ನು ನಂಬಿ ಉಳಿದವರನ್ನೆಲ್ಲ ಬಿಟ್ಟ.

ಮೀನು ಎಷ್ಟು ತುಂಬಿವೆ ಎಂದು ನೋಡಲು ಬಲೆ ಹಾಕಬೇಕೆಂದರೆ ಇಬ್ಬರು ಬೇಕು. ಬೇರೆಯವರನ್ನು ಕರೆಯಲಿಲ್ಲ. ಒಬ್ಬನೇ ಒಂದು ಗೂಟಕ್ಕೆ ಕಟ್ಟಿ ಇನ್ನೊಂದು ತುದಿ ಎಳೆಯುತ್ತಿದ್ದ. ಅರ್ಧ ಮೀನು ಕೆಳಗಿನಿಂದ ತಪ್ಪಿಸಿಕೊಳ್ಳುತ್ತಿದ್ದವು. "ಫಕೀರ್ಯಾ ಇದ್ರ..." ಎಂದು ಬಾಯಿಗೆ ಬಂದದ್ದನ್ನು ನುಂಗಿ, ಬಲೆ ಕೊಡವುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಹೇಳಿದರೆ ಈ ಮನೆಯಲ್ಲಿ ನಾನು ಇರುವುದು ಹೇಗೆ ಎಂದು ಅದರ ಬೆನ್ನಿಗೇ ಬರುತ್ತಿತ್ತು.

ಮರುವರ್ಷ ಶೀಗಿ ಹುಣ್ಣಿಮೆಯ ಹಿಂದಿನ ದಿನ ನಾನು ಕಡುಬಿಗೆ ಹಿಟ್ಟು ನಾದುತ್ತಿದ್ದೆ. ಅಣ್ಣ ಬಾಗಿಲಲ್ಲಿ ಬಂದು ನಿಂತ.

"ಹ್ವಾದ ವರ್ಷ ಮಳಿ ಹತ್ತಿ ಮಂದಿ ಬರಲಿಲ್ಲಂತಲ್ಲ" ಎಂದ. "ಅಡಿಗಿ ಭಾಳ ಉಳಿದಿರಬೇಕು."

"ಉಳಿದಿತ್ತು."

"ಏನ ಮಾಡಿದಿ?"

"ದನಕ್ಕ ಹಾಕಿದೆ."

ಹಿಟ್ಟಿನಿಂದ ಕೈ ತೆಗೆಯಲಿಲ್ಲ ನಾನು. ಅವನು ಅಲ್ಲಿಯೇ ನಿಂತಿದ್ದ. ಆಮೇಲೆ "ಆತು" ಎಂದು ಹೊರಗೆ ಹೋದ. ನಂಬಿ ಅಂದನೋ, ನಂಬದೆ ಅಂದನೋ ನನಗೆ ಇಂದಿಗೂ ಗೊತ್ತಿಲ್ಲ. ಮತ್ತೆ ಆ ವಿಷಯ ಎತ್ತಲಿಲ್ಲ. ನನ್ನ ಮೇಲಿನ ಅಕ್ಕರೆ ಒಂದು ಕೂದಲಷ್ಟೂ ಕಡಿಮೆಯಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು.

ಹೀಗೆ ನಾಲ್ಕು ವರ್ಷ ಕಳೆಯಿತು. ಮುಂಗಾರಿನ ಒಂದು ಮಧ್ಯಾಹ್ನ ಹೊಂಡದ ದಂಡೆಯ ಮೇಲೆಯೇ ಎದೆ ಹಿಡಿದುಕೊಂಡು ಕುಸಿದ. ಗಾಡಿ ಬರುವಷ್ಟರಲ್ಲಿ ಮುಗಿದಿತ್ತು.

ಹೊಲದಲ್ಲಿಯೇ ಮಣ್ಣು ಮಾಡಿದೆವು. ಎಲ್ಲರೂ ಮಣ್ಣು ಹಾಕಿ ಹಿಂದೆ ಸರಿದ ಮೇಲೆ, ಮುಳ್ಳುಬೇಲಿಯ ಆಚೆ ನಿಂತಿದ್ದ ಫಕೀರಪ್ಪ ಒಳಗೆ ಬಂದ. ಯಾರೂ ತಡೆಯಲಿಲ್ಲ, ಯಾರೂ ಮಾತಾಡಿಸಲಿಲ್ಲ. ಒಂದು ಹಿಡಿ ಮಣ್ಣು ಹಾಕಿ, ಹಣೆಗೆ ಕೈ ಮುಟ್ಟಿಸಿಕೊಂಡು ಹೋದ.

ಹನ್ನೊಂದು ದಿನ ಕಳೆದ ಮೇಲೆ ನಾನು ಅವನ ಮನೆಗೆ ಹೋದೆ. ಅಂಗಳದಲ್ಲಿ ಹರಿದ ಬಲೆಯನ್ನು ಸೋರೆಬಳ್ಳಿಗೆ ಚಪ್ಪರ ಮಾಡಿದ್ದರು. ನಾನು ನಿಂತೇ ಹೇಳಿದೆ. ಎರಡು ಬುಟ್ಟಿ ಅನ್ನ, ಮಜ್ಜಿಗೆ, ಬಕೀಟು, ಗುಂಡಿ, ಎಲ್ಲ. ಅವನು ಸಿಟ್ಟಾಗಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ಮಡಚಿ ಮತ್ತೆ ಹಾಕಿಕೊಂಡ.

"ಇದನ್ನ ನನಗ ಹೇಳಿ ಏನಾತವಾ?" ಎಂದ. "ನಾ ಹಾಕಿಲ್ಲನ್ನೂದು ನನಗ ಆವತ್ತ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೇಳು."

ಅತ್ತಿಗೆಯ ಮುಂದೆ ಹೇಳಿದೆ. ಅವಳು, "ಸತ್ತವರು ತಪ್ಪ ನ್ಯಾಯ ಮಾಡಿದ್ರು ಅನ್ನಸ್ತಿ ಏನ? ಅವರ ಹೆಸರಾದರೂ ಇರ್ಲಿ ಬಿಡು" ಎಂದಳು. ಅವಳ ಮಾತೂ ಸುಳ್ಳಲ್ಲ. ಫಕೀರಪ್ಪನನ್ನು ಎತ್ತಿದರೆ ಅಣ್ಣ ಕೆಳಗಾಗುತ್ತಾನೆ. ಅಣ್ಣ ನಿಂತಲ್ಲೇ ನಿಲ್ಲಬೇಕಾದರೆ ಫಕೀರಪ್ಪ ಚೀಲ ಹೊರಬೇಕು. ನಾಲ್ಕು ತಿಂಗಳು ಇದೇ ತಕ್ಕಡಿ ನನ್ನ ತಲೆಯಲ್ಲಿ. ಕೊನೆಗೆ ಇಷ್ಟು ತಿಳಿಯಿತು: ಅಣ್ಣ ಮಾಡಿದ್ದು ಒಂದೇ ತಪ್ಪು. ನನ್ನನ್ನು ನಂಬಿದ್ದು.

ಹೋದ ವಾರ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಪಾಳಿಯಲ್ಲಿ ಹದಿನೈದು ಇಪ್ಪತ್ತು ಹೆಂಗಸರು, ನಾಲ್ಕಾರು ಗಂಡಸರು. ಬೆಲ್ಟಿನ ಸಪ್ಪಳಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಪಕ್ಕದಲ್ಲಿದ್ದವಳು ನನ್ನ ಕಿವಿಗೆ ಬಾಯಿ ಹಚ್ಚಿ, ಆ ಫಕೀರ್ಯಾ ಹಾಳು ಮಾಡಿದ ಹೊಂಡವನ್ನು ಈಗ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದಳು.

"ಹಾಳ ಮಾಡಿದಾವ ಅವ ಅಲ್ಲ" ಎಂದೆ.

"ಏನು? ಕೇಳವಲ್ದು."

"ಫಕೀರಪ್ಪ ಅಲ್ಲ ಅಂದೆ" ಎಂದು ಕೂಗಿದೆ. ಏನೋ ಜಗಳ ಎಂದುಕೊಂಡು ಗಿರಣಿಯವನು ಬಂದು ಮಶೀನು ನಿಲ್ಲಿಸಿದ. ಬೆಲ್ಟು ಪಟಪಟ ಎನ್ನುತ್ತ ನಿಂತಿತು. ಹಿಟ್ಟಿನ ಧೂಳು ಗಾಳಿಯಲ್ಲಿ ಹಾಗೆಯೇ ಇತ್ತು. ಅಷ್ಟೂ ಮಂದಿ ನನ್ನ ಕಡೆ ನೋಡಿದರು. ಈ ಸಲ ಸೆರಗಿಗೆ ಕೈ ಹಚ್ಚಲಿಲ್ಲ.

"ಆ ಮೀನು ಸತ್ತದ್ದು ನನ್ನಿಂದ" ಎಂದೆ. "ಮೋಡದಾಗ ಎರಡ ಬುಟ್ಟಿ ಅನ್ನ ಸುರುವಿದಾಕಿ ನಾನು. ಅಣ್ಣ ಕೇಳಿದಾಗ ಇಲ್ಲಂದಾಕಿ ನಾನು. ಫಕೀರಪ್ಪ ಅವನ್ನ ಉಳಸಾಕ ನೀರಿಗಿಳದಿದ್ದ."

ಗಿರಣಿಯವನು ಹಿಟ್ಟು ಹತ್ತಿದ ಕೈಯನ್ನು ಲುಂಗಿಗೆ ಒರೆಸಿಕೊಂಡು, ಬಾಗಿಲ ಕಡೆ ನಿಂತವರನ್ನು ಒಮ್ಮೆ ನೋಡಿದ.

"ಇನ್ನೊಮ್ಮೆ ಹೇಳ್ರಿ ಅಕ್ಕಾರ" ಎಂದ. "ಹಿಂದ ನಿಂತವರಿಗೆ ಕೇಳಿಲ್ಲ."

ಇನ್ನೊಮ್ಮೆ ಹೇಳಿದೆ.